ಬುನಾದಿಯ ಅಗಲ, ಗೋಡೆಯ ಎತ್ತರ

1911ರ ನವೆಂಬರಿನಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಶುರುವಾಯಿತು. ಆ ಕಟ್ಟೆಯ ಆರಂಭದ ಚರಿತ್ರೆಯಲ್ಲಿ ಎರಡು ಅಳತೆಗಳು ಜೊತೆಜೊತೆಗೇ ಓಡಾಡುತ್ತವೆ. ಒಂದು, 80 ಅಡಿ ಎತ್ತರದ, ಸುಮಾರು 11 ಟಿ.ಎಂ.ಸಿ. ನೀರು ಹಿಡಿಯುವ ಕಟ್ಟೆ. ಮೈಸೂರಿಗೆ ಮೇಲಿನಿಂದ ಒಪ್ಪಿಗೆ ಸಿಕ್ಕಿದ್ದು ಇಷ್ಟಕ್ಕೆ ಮಾತ್ರ. ಇನ್ನೊಂದು, 124 ಅಡಿ ಎತ್ತರದ, 41.5 ಟಿ.ಎಂ.ಸಿ. ಹಿಡಿಯುವ ಕಟ್ಟೆ. ಮೈಸೂರು ಬಯಸಿದ್ದೂ ಮದರಾಸು ಬೇಡವೆಂದದ್ದೂ ಇದನ್ನೇ. ಗೋಡೆ ಏಳಬೇಕಾಗಿದ್ದುದು ಮೊದಲ ಅಳತೆಗೆ. ಆದರೆ ಹೊಳೆಯ ತಳದ ಬಂಡೆಯ ಮೇಲೆ ಹಾಕಿದ ಬುನಾದಿ ಎರಡನೆಯ ಅಳತೆಯ ಭಾರವನ್ನು ಹೊರುವಷ್ಟು ಅಗಲವಾಗಿತ್ತು. ಇದು ಮದರಾಸಿನ ಕಣ್ಣಿಗೆ ಬಿತ್ತು, ದೂರು ಭಾರತ ಸರ್ಕಾರಕ್ಕೆ ಹೋಯಿತು, ವಿಷಯ ಪಂಚಾಯಿತಿಗೆ ಬಂತು. ನ್ಯಾಯಮೂರ್ತಿ ಗ್ರಿಫಿನ್ ಅವರು 1914ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟರು. ಅದನ್ನು ಒಪ್ಪದ ಮದರಾಸು ಇನ್ನೂ ಮೇಲಕ್ಕೆ ಹೋಯಿತು. ಕೊನೆಗೆ 1924ರ ಫೆಬ್ರವರಿಯಲ್ಲಿ ಎರಡೂ ಸರ್ಕಾರಗಳು ಕೂತು ಒಪ್ಪಂದಕ್ಕೆ ಸಹಿ ಹಾಕಿದವು. ಅಷ್ಟು ದೊಡ್ಡ ವ್ಯಾಜ್ಯಕ್ಕೆ ಕಾರಣವಾದದ್ದು ಎತ್ತರದ ಗೋಡೆಯೂ ಅಲ್ಲ, ನಿಂತ ನೀರೂ ಅಲ್ಲ, ಮಣ್ಣಿನೊಳಗೆ ಹೂತುಹೋಗುವ ಕಲ್ಲುಗಾರೆಯ ಅಗಲ.

ಮೈಸೂರು ಸಂಸ್ಥಾನದ ಆ ಕಾಲದ ದೊಡ್ಡ ಕಾಮಗಾರಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ಗುಣಗಳನ್ನು ಕೊಂಡಾಡುತ್ತಾರೆ. ದಿವಾನರ ಧೈರ್ಯ ಒಂದು, ಎಂಜಿನಿಯರುಗಳ ದೂರದೃಷ್ಟಿ ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಈ ಗುಣಗಳಿಂದ ನಮಗೆ ಕಲಿಯಲು ಸಿಗುವುದು ಕಡಿಮೆ. ಧೈರ್ಯವಿದ್ದೂ ಕೆಟ್ಟ ತೀರ್ಮಾನ ಮಾಡಿದವರ ಪಟ್ಟಿ ಚಿಕ್ಕದೇನಲ್ಲ. ಶಿವನಸಮುದ್ರದ ವಿದ್ಯುತ್ ಮತ್ತು ಕನ್ನಂಬಾಡಿಯ ಕಟ್ಟೆ ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ಮುಖ್ಯವಾಗಿ ಕಾಣುವುದು ಬೇರೆಯೇ. ಅಲ್ಲಿ ಇಡೀ ಕೆಲಸವನ್ನು ಒಂದೇ ಗಂಟಾಗಿ ನೋಡದೆ ಬಿಡಿಸಿ ನೋಡಿದರು. ಯಾವ ಭಾಗವನ್ನು ಒಮ್ಮೆ ಮಾಡಿದರೆ ಮತ್ತೆ ತಿದ್ದಲಾಗದು, ಯಾವುದನ್ನು ಹಣವೂ ಅನುಮತಿಯೂ ಬಂದ ಮೇಲೆ ಮುಂದುವರಿಸಬಹುದು, ವರ್ಷದ ತೀರಾ ಕೆಟ್ಟ ತಿಂಗಳಲ್ಲಿ ಏನಾದೀತು, ಕೊಳ್ಳುವವನು ಯಾರು ಎಂಬುದನ್ನು ಬೇರೆಬೇರೆಯಾಗಿ ಕೇಳಿದರು. ಹೀಗೆ ಕೇಳಿದ ಕಡೆ ತೀರ್ಮಾನ ನಿಂತಿತು. ಕೇಳದೆ ಬಿಟ್ಟ ಕಡೆ ಅದರ ಬೆಲೆಯನ್ನು ಮುಂದಿನವರು ತೆತ್ತರು, ಇನ್ನೂ ತೆರುತ್ತಿದ್ದಾರೆ.

ಮೊದಲ ತೀರ್ಮಾನದ ಕಾಲವನ್ನು ಗಮನಿಸಬೇಕು. 1894ರ ಕೊನೆಯಲ್ಲಿ ಚಾಮರಾಜ ಒಡೆಯರು ತೀರಿಕೊಂಡಿದ್ದರು. ಮಗ ಕೃಷ್ಣರಾಜರು ಇನ್ನೂ ಬಾಲಕರು. ತಾಯಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ಆಳುತ್ತಿದ್ದರು, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. 1876ರಿಂದ 78ರವರೆಗಿನ ಬರದ ನೆನಪು ಜನರಲ್ಲೂ ಬೊಕ್ಕಸದಲ್ಲೂ ಹಸಿಯಾಗಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಅರಸನಿಲ್ಲದ ಹೊತ್ತು, ಬ್ರಿಟಿಷ್ ರೆಸಿಡೆಂಟರ ಕಣ್ಗಾವಲು, ಊರೂರಿಗೆ ರೋಗ. ಇಂಥ ಹೊತ್ತಿನಲ್ಲಿ ಯಾವ ಆಡಳಿತಗಾರನೂ ಕೈಕಟ್ಟಿ ಕೂರುವುದೇ ಲೇಸೆಂದುಕೊಳ್ಳುತ್ತಾನೆ. ಅಂಥ ಕಾಲದಲ್ಲೇ, ಕಾವೇರಿ ಧುಮ್ಮಿಕ್ಕುವ ಜಾಗದಲ್ಲಿ ವಿದ್ಯುತ್ ಉತ್ಪಾದಿಸಿ ಅದನ್ನು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಕಳಿಸುವ ತೀರ್ಮಾನವಾಯಿತು. ಮೇಲ್ನೋಟಕ್ಕೆ ಇದು ಸಾಹಸ. ಒಳಗೆ ಹೊಕ್ಕು ನೋಡಿದರೆ ಅಪಾಯವನ್ನು ಒಂದೊಂದಾಗಿ ಕಳೆಯುತ್ತ ಹೋದ ಲೆಕ್ಕ ಕಾಣುತ್ತದೆ.

ಲೆಕ್ಕದ ಮೊದಲ ಸಾಲು ಗಿರಾಕಿಯದು. ಜಲಪಾತದಿಂದ ಸಿಗುವ ಶಕ್ತಿಯನ್ನು ಯಾರಿಗೆ ಮಾರಬೇಕು? ಹತ್ತಿರದಲ್ಲಿ ಊರುಗಳಿದ್ದವು, ಬೆಂಗಳೂರೂ ಗಣಿಗಳಿಗಿಂತ ಹತ್ತಿರವೇ. ಆದರೆ ನಗರಕ್ಕೆ ಆಗ ವಿದ್ಯುತ್ ಬೇಕಾಗುತ್ತಿದ್ದುದು ದೀಪಕ್ಕೆ, ದೀಪ ಬೇಕಾಗುತ್ತಿದ್ದುದು ರಾತ್ರಿಯ ಕೆಲವು ಗಂಟೆಗೆ. ಉಳಿದ ಹೊತ್ತೆಲ್ಲ ಯಂತ್ರಗಳು ಸುಮ್ಮನೆ ನಿಲ್ಲಬೇಕು, ಯಂತ್ರ ನಿಂತರೂ ಸಾಲದ ಬಡ್ಡಿ ನಿಲ್ಲುವುದಿಲ್ಲ. ಕೋಲಾರದ ಗಣಿಯ ಸ್ಥಿತಿ ಬೇರೆ. ಅಲ್ಲಿ ಅದಿರು ಕುಟ್ಟುವ ಗಿರಣಿಗಳು ಹಗಲೂ ರಾತ್ರಿಯೂ ನಡೆಯುತ್ತಿದ್ದವು. ಸಾಲಾಗಿ ನಿಂತ ಕಬ್ಬಿಣದ ಒನಕೆಗಳು ಮೇಲೆದ್ದು ಬಿದ್ದು ಚಿನ್ನದ ಕಲ್ಲನ್ನು ಹಿಟ್ಟು ಮಾಡಬೇಕು, ಅದಕ್ಕೆ ಬೇಕಾದ ಉಗಿಗಾಗಿ ದೂರದಿಂದ ರೈಲಿನಲ್ಲಿ ಕಲ್ಲಿದ್ದಲು ತರಿಸಬೇಕು, ಸುತ್ತಲ ಕಾಡಿನ ಸೌದೆ ಆಗಲೇ ಕರಗುತ್ತ ಬಂದಿತ್ತು. ಅಂದರೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಒಂದೇ ಸಮನೆ ಕೊಳ್ಳುವ, ಈಗಾಗಲೇ ದುಬಾರಿ ಇಂಧನ ಉರಿಸುತ್ತಿರುವ, ಕೈಯಲ್ಲಿ ಹಣವಿರುವ ಗಿರಾಕಿ. ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಜೊತೆ ವರ್ಷಗಟ್ಟಲೆಯ ಕರಾರು ಏರ್ಪಟ್ಟಿತು. ಮೊದಲ ವರ್ಷ ದರ ಹೆಚ್ಚು, ಆಮೇಲೆ ಇಳಿಯುತ್ತ ಹೋಗುವುದು. ಹೂಡಿದ ಬಂಡವಾಳದ ದೊಡ್ಡ ಪಾಲು ಬೇಗ ಕೈಸೇರುವಂತೆ ದರವನ್ನು ಜೋಡಿಸಿದ್ದರು. ದೂರದ ಗಣಿ ಹತ್ತಿರದ ಊರಿಗಿಂತ ಸುರಕ್ಷಿತ ಗಿರಾಕಿಯಾದದ್ದು ಹೀಗೆ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಇದಾದ ಮೇಲೆ, 1905ರ ಆಗಸ್ಟ್ 5ರಂದು.

ಎರಡನೆಯ ಸಾಲು ನೀರಿನ ಹಕ್ಕಿನದು. 1892ರಲ್ಲಿ ಮದರಾಸು ಮತ್ತು ಮೈಸೂರಿನ ನಡುವೆ ಆಗಿದ್ದ ಒಪ್ಪಂದದ ಪ್ರಕಾರ, ಪಟ್ಟಿಯಲ್ಲಿದ್ದ ನದಿಗಳಿಗೆ ಹೊಸ ನೀರಾವರಿ ಕಟ್ಟೆ ಕಟ್ಟಬೇಕಾದರೆ ಮೈಸೂರು ಮದರಾಸಿನ ಒಪ್ಪಿಗೆ ಪಡೆಯಬೇಕಿತ್ತು. ಶಿವನಸಮುದ್ರದ ಜಾಗವೂ ಸೂಕ್ಷ್ಮ. ಹೊಳೆಯ ಆಚೆಯ ಕೊಳ್ಳೇಗಾಲ ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಈಚೆಯ ದಡ ಮೈಸೂರಿನದು. ವಿದ್ಯುತ್ ಯೋಜನೆಯ ದೊಡ್ಡ ಅನುಕೂಲವೇ ಇಲ್ಲಿತ್ತು. ಗದ್ದೆಗೆ ಬಿಟ್ಟ ನೀರು ಹೊಳೆಗೆ ಪೂರ್ತಿ ಮರಳುವುದಿಲ್ಲ. ಆದರೆ ಜಲಪಾತದ ಮೇಲ್ಗಡೆ ನಾಲೆಗೆ ತಿರುಗಿಸಿದ ನೀರು ಸುಮಾರು 400 ಅಡಿ ಕೆಳಗೆ ಕೊಳವೆಯಲ್ಲಿ ಧುಮುಕಿ, ಚಕ್ರ ತಿರುಗಿಸಿ, ಮತ್ತೆ ಅದೇ ಕಾವೇರಿಗೆ ಸೇರುತ್ತದೆ. ತಂಜಾವೂರಿನ ರೈತನ ಪಾಲಿನಲ್ಲಿ ಒಂದು ಬೊಗಸೆಯೂ ಕಡಿಮೆಯಾಗುವುದಿಲ್ಲ. ಮಾತುಕತೆ ನಡೆಯಿತು, ಆದರೆ ಮುಂದೆ ಕನ್ನಂಬಾಡಿಯ ವಿಷಯದಲ್ಲಿ ಹತ್ತಿದ ಬಗೆಯ ಬೆಂಕಿ ಇಲ್ಲಿ ಹತ್ತಲಿಲ್ಲ. ಇಡೀ ಕಾವೇರಿಯ ವಿವಾದದ ಮುಂದೆ ಇದು ಚಿಕ್ಕ ಸಂಗತಿಯಂತೆ ಕಂಡೀತು. ನನಗೆ ಮಾತ್ರ ಇದು ಆ ತೀರ್ಮಾನದ ತಿರುಳೇ ಅನ್ನಿಸುತ್ತದೆ. ಯಾರ ಒಪ್ಪಿಗೆಯನ್ನೂ ಕಿತ್ತುಕೊಳ್ಳಬೇಕಿಲ್ಲದ ಕೆಲಸವನ್ನು ಮೊದಲು ಕೈಗೆತ್ತಿಕೊಂಡರು.

ಮೂರನೆಯದು ತಾಂತ್ರಿಕ ಅಪಾಯ. ಇದನ್ನು ಕಳೆಯುವುದಕ್ಕೆ ಆಗ ಪುಸ್ತಕ ಸಾಲುತ್ತಿರಲಿಲ್ಲ. ಜರ್ಮನಿಯ ಲಾಫೆನ್‌ನಿಂದ ಫ್ರಾಂಕ್‌ಫರ್ಟಿಗೆ 1891ರಲ್ಲಿ ನೂರು ಮೈಲಿಗೂ ಹೆಚ್ಚು ದೂರ ವಿದ್ಯುತ್ ಹರಿಸಿ ತೋರಿಸಿದ್ದರು, ಆದರೆ ಅದು ವಸ್ತುಪ್ರದರ್ಶನಕ್ಕಾಗಿ ಮಾಡಿದ್ದು. ನಯಾಗರದ ವಿದ್ಯುತ್ 1896ರಲ್ಲಿ ಬಫಲೋ ನಗರಕ್ಕೆ ತಲುಪಿತ್ತು, ಆದರೆ ಆ ದೂರ ಮೂವತ್ತು ಮೈಲಿಗಿಂತಲೂ ಕಡಿಮೆ. ಭಾರತದಲ್ಲಿ ಡಾರ್ಜಿಲಿಂಗಿನ ಬಳಿ 1897ರಲ್ಲಿ ಪುಟ್ಟ ಜಲವಿದ್ಯುತ್ ಕೇಂದ್ರ ಶುರುವಾಗಿತ್ತು. ಶಿವನಸಮುದ್ರವನ್ನು ಏಷ್ಯಾದಲ್ಲೇ ಮೊದಲನೆಯದೆಂದು ಹೇಳುವ ರೂಢಿಯನ್ನು ಈ ಒಂದು ಕಾರಣಕ್ಕಾದರೂ ಬಿಡಬೇಕು. ಅದರ ಹಿರಿಮೆ ಇರುವುದು ಬೇರೆ ಕಡೆ: ಗಣಿಯಂಥ ದೊಡ್ಡ ಉದ್ಯಮ ನೆಚ್ಚಿಕೊಳ್ಳುವಷ್ಟು ಶಕ್ತಿಯನ್ನು ಅಷ್ಟು ದೂರ ಸಾಗಿಸುವುದು ಆಗ ಜಗತ್ತಿನಲ್ಲಿ ಬೆರಳೆಣಿಕೆಯ ಕಡೆ ಮಾತ್ರ ನಡೆದಿತ್ತು. ಮೈಸೂರಿನ ಉಪ ಮುಖ್ಯ ಎಂಜಿನಿಯರ್ ಆಗಿದ್ದ ಜೋಲಿ ದ ಲಾಟ್‌ಬಿನಿಯೇರ್ ಅವರನ್ನು ಸರ್ಕಾರ ಯೂರೋಪು ಅಮೆರಿಕಗಳಿಗೆ ಕಳಿಸಿತು. ಅವರು ನಡೆಯುತ್ತಿದ್ದ ಕೇಂದ್ರಗಳನ್ನು ಕಣ್ಣಾರೆ ಕಂಡು, ತಯಾರಕರೊಡನೆ ಚರ್ಚಿಸಿ ಬಂದರು. ವಿದ್ಯುತ್ ಯಂತ್ರಗಳ ಹೊಣೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಹೋಯಿತು, ನೀರಿನ ಚಕ್ರಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಒದಗಿಸಿತು. ಇಂಗ್ಲೆಂಡಿನ ಕಂಪನಿಗಳನ್ನು ಬಿಟ್ಟು ಬೇರೆ ದೇಶದವರನ್ನು ಆರಿಸಿಕೊಂಡದ್ದು ಅಂದಿನ ರಾಜಕೀಯದಲ್ಲಿ ಸುಲಭದ ಮಾತಾಗಿರಲಿಲ್ಲ. ಅಷ್ಟು ದೂರಕ್ಕೆ ವಿದ್ಯುತ್ ಕಳಿಸಿದ ಅನುಭವ ಯಾರಿಗಿದೆ ಎಂಬುದನ್ನೇ ಇಲ್ಲಿ ಮುಖ್ಯವಾಗಿ ನೋಡಿದಂತಿದೆ.

ಯಂತ್ರಗಳು ರೈಲಿನಲ್ಲಿ ಮದ್ದೂರಿನವರೆಗೆ ಬಂದವು. ಅಲ್ಲಿಂದ ಮುಂದೆ ರೈಲಿಲ್ಲ. ಟನ್ನುಗಟ್ಟಲೆ ತೂಕದ ಬಿಡಿಭಾಗಗಳನ್ನು ಗಾಡಿಗಳ ಮೇಲೇರಿಸಿ ಎತ್ತುಗಳಿಂದ, ಆನೆಗಳಿಂದ ಎಳೆಸಿ ಶಿವನಸಮುದ್ರಕ್ಕೆ ಮುಟ್ಟಿಸಿದರು. ಬ್ಲಫ್ ಎಂದು ಇಂದಿಗೂ ಜನ ಕರೆಯುವ ಆ ಕಡಿದಾದ ದಂಡೆಯಲ್ಲಿ ಉಕ್ಕಿನ ಕೊಳವೆಗಳನ್ನು ಇಳಿಬಿಟ್ಟರು. ಕನಕಪುರದ ಕಡೆಯಿಂದ ಹಾದುಹೋಗುವ ಕಂಬಗಳ ಮೇಲೆ 30 ಸಾವಿರ ವೋಲ್ಟಿಗೂ ಹೆಚ್ಚಿನ ಒತ್ತಡದ ತಂತಿ ಎಳೆದರು. 1902ರ ಜೂನ್ 30ರಂದು ಗಣಿಗೆ ವಿದ್ಯುತ್ ತಲುಪಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. ಅವರು ಹಿಂದಿನ ವರ್ಷದ ಮಾರ್ಚಿನಲ್ಲಿ ನಿವೃತ್ತರಾಗಿ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು.

ಯಶಸ್ಸಿನ ಜೊತೆಗೇ ಲೆಕ್ಕದ ತಪ್ಪೂ ಹೊರಬಿತ್ತು. ಮಳೆಗಾಲದಲ್ಲಿ ದಡ ಮೀರಿ ಹರಿಯುವ ಕಾವೇರಿ ಮಾರ್ಚಿನಿಂದ ಮೇವರೆಗೆ ಬಂಡೆಗಳ ನಡುವಿನ ಝರಿಯಾಗಿಬಿಡುತ್ತದೆ. ಮೇಲ್ಗಡೆಯ ಹಳೆಯ ಅಣೆಕಟ್ಟುಗಳ ನಾಲೆಗಳು ಇದ್ದಷ್ಟು ನೀರನ್ನೂ ಗದ್ದೆಗೆ ಸೆಳೆಯುತ್ತವೆ. ಗಣಿಗೆ ಬೇಕಾದದ್ದು ವರ್ಷದ ಸರಾಸರಿ ಶಕ್ತಿಯಲ್ಲ, ಪ್ರತಿ ದಿನದ ಶಕ್ತಿ. ಬೇಡಿಕೆ ಬೆಳೆದಂತೆ ಬೇಸಗೆಯ ಕೊರತೆ ಎದ್ದು ಕಾಣತೊಡಗಿತು. ಯಂತ್ರಗಳನ್ನು ಹೆಚ್ಚಿಸಿದರೆ ಮಳೆಗಾಲದಲ್ಲಿ ಲಾಭ, ಬೇಸಗೆಯಲ್ಲಿ ಅವಕ್ಕೆ ನೀರೇ ಇಲ್ಲ. ಮೊದಲ ತೀರ್ಮಾನ ಮಾಡಿದವರು ಹೊಳೆಯ ಕೆಟ್ಟ ತಿಂಗಳನ್ನು ತೂಗಿದ್ದು ಸಾಲದೆಂದು ಹೇಳಲೇಬೇಕು. ಆದರೆ ಆ ತಪ್ಪು ಯೋಜನೆಯನ್ನು ಕೊಲ್ಲಲಿಲ್ಲ. ಕಾರಣ, ಆರಂಭದಲ್ಲಿ ಚಿಕ್ಕದಾಗಿ ಕಟ್ಟಿದ್ದರು, ಹಂತಹಂತವಾಗಿ ಯಂತ್ರ ಕೂಡಿಸುವುದಕ್ಕೆ ಜಾಗ ಬಿಟ್ಟಿದ್ದರು, ಇಳಿಯುವ ದರದ ಕರಾರಿನಿಂದ ಹೂಡಿಕೆಯ ಭಾರ ಬೇಗ ತಗ್ಗುತ್ತಿತ್ತು. ತಪ್ಪನ್ನು ತಡೆದುಕೊಳ್ಳುವಷ್ಟು ಸಡಿಲ ಯೋಜನೆಯೊಳಗೇ ಇತ್ತು. ಕೊರತೆಗೆ ಮದ್ದೇನು ಎಂಬುದೂ ಆ ಕೊರತೆಯಿಂದಲೇ ತಿಳಿಯಿತು: ಮಳೆಗಾಲದ ನೀರನ್ನು ಮೇಲ್ಗಡೆ ಎಲ್ಲಾದರೂ ಹಿಡಿದಿಟ್ಟು ಬೇಸಗೆಯಲ್ಲಿ ಬಿಡಬೇಕು.

ಜಲಾಶಯದ ಯೋಚನೆ 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರ ತಲೆಯಲ್ಲೇ ಮೊದಲು ಹುಟ್ಟಿದ್ದೆಂದು ಹೇಳುವುದು ತಪ್ಪು. ವಿದ್ಯುತ್ ಇಲಾಖೆಯವರು ಆ ದಿಕ್ಕಿನಲ್ಲಿ ಆಗಲೇ ಯೋಚಿಸಿದ್ದರು. ಅದಕ್ಕೂ ಬಹಳ ಹಿಂದೆ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಅದೇ ಪ್ರದೇಶದಲ್ಲಿ ಕಟ್ಟೆಗೆ ಅಡಿಗಲ್ಲು ಹಾಕಿಸಿದ್ದನ್ನು ಹೇಳುವ ಟಿಪ್ಪು ಸುಲ್ತಾನನ ಪಾರಸಿ ಶಾಸನ ಕಾಮಗಾರಿಯ ವೇಳೆ ಸಿಕ್ಕಿತು. ವಿಶ್ವೇಶ್ವರಯ್ಯನವರ ಪಾಲಿನದು ಎಂದು ಖಚಿತವಾಗಿ ಹೇಳಬಹುದಾದದ್ದು ಕೆಲಸವನ್ನು ಸೀಳಿ ಜೋಡಿಸಿದ ರೀತಿ. ಹಣಕಾಸು ಇಲಾಖೆಯ ಆಕ್ಷೇಪ ನೇರವಾಗಿತ್ತು, ಮತ್ತು ನನ್ನ ದೃಷ್ಟಿಯಲ್ಲಿ ಗೌರವಕ್ಕೆ ತಕ್ಕದ್ದಾಗಿತ್ತು: ಇಷ್ಟು ವಿದ್ಯುತ್ತಿಗೆ ಕೊಳ್ಳುವವರೆಲ್ಲಿ? ಬೊಕ್ಕಸ ಕಾಯುವವನು ಕೇಳಬೇಕಾದ ಪ್ರಶ್ನೆಯೇ ಅದು. ವಿಶ್ವೇಶ್ವರಯ್ಯನವರು ದಿವಾನ್ ಟಿ. ಆನಂದರಾಯರ ಬಳಿಗೂ ಮಹಾರಾಜರ ಬಳಿಗೂ ಹೋಗಿ ಮರುಪರಿಶೀಲನೆ ಕೇಳಿದರು. ಅವರ ವಾದದ ಬಲ ಹಂತಗಳಲ್ಲಿತ್ತು. ಮೊದಲ ಹಂತದ ಚಿಕ್ಕ ಕಟ್ಟೆಯಿಂದಲೇ ಬೇಸಗೆಯ ಹರಿವು ಸ್ಥಿರವಾಗುತ್ತದೆ. ಅದರಿಂದ ಬರುವ ಹೆಚ್ಚುವರಿ ವಿದ್ಯುತ್ತಿಗೆ ಗಣಿಯೇ ಗಿರಾಕಿ, ಆ ವರಮಾನ ಹಂತದ ಖರ್ಚನ್ನು ಹೊರುತ್ತದೆ. ನೀರಾವರಿ, ಹೊಸ ಕೈಗಾರಿಕೆ ಇತ್ಯಾದಿ ದೊಡ್ಡ ಆಸೆಗಳು ಎರಡನೆಯ ಹಂತಕ್ಕೆ. 1911ರ ಅಕ್ಟೋಬರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಂಜೂರಾತಿ ಕೊಟ್ಟರು, 81 ಲಕ್ಷ ರೂಪಾಯಿ ತೆಗೆದಿರಿಸಿದರು. ಸಂಸ್ಥಾನಕ್ಕೆ ಅದು ಚಿಕ್ಕ ಮೊತ್ತವಲ್ಲ. ಆದರೂ ಅನುಮಾನದ ಭಾಗಕ್ಕೆ ಇಂದೇ ಹಣ ಸುರಿಯಬೇಕಾಗಿರಲಿಲ್ಲ.

ಇಲ್ಲಿಗೆ ಬುನಾದಿಯ ಮಾತು ಬರುತ್ತದೆ. ಕಲ್ಲಿನ ಅಣೆಕಟ್ಟು ನೀರಿನ ತಳ್ಳುವಿಕೆಯನ್ನು ತಡೆಯುವುದು ತನ್ನ ತೂಕದಿಂದ. ಎತ್ತರ ಹೆಚ್ಚಿದಂತೆ ಬುಡ ಅಗಲವಾಗಲೇಬೇಕು. ಹೊಳೆಯ ನೀರನ್ನು ಒಂದು ಕಡೆಗೆ ತಿರುಗಿಸಿ, ತಳದ ಮರಳನ್ನೂ ಸಡಿಲ ಕಲ್ಲನ್ನೂ ಬಾಚಿ, ಗಟ್ಟಿ ಬಂಡೆ ಸಿಗುವವರೆಗೆ ಅಗೆದು ಅದರ ಮೇಲೆ ಕಲ್ಲುಗಾರೆ ಕೂರಿಸುವುದು ಬೇಸಗೆಯ ಕೆಲವೇ ತಿಂಗಳಲ್ಲಿ ಆಗಬೇಕಾದ ಕೆಲಸ. ಒಮ್ಮೆ ಜಲಾಶಯ ತುಂಬಿತೆಂದರೆ ಆ ತಳಕ್ಕೆ ಮತ್ತೆ ಯಾರೂ ಇಳಿಯುವಂತಿಲ್ಲ. ಗೋಡೆಯನ್ನು ಮಾತ್ರ ಹತ್ತು ವರ್ಷ ಬಿಟ್ಟು ಎತ್ತರಿಸಬಹುದು. ಒಪ್ಪಿಗೆ, ಹಣ, ಬೇಡಿಕೆ ಮೂರೂ ಗೋಡೆಯ ಎತ್ತರಕ್ಕೆ ಸಂಬಂಧಿಸಿದವು, ಮೂರೂ ಅನಿಶ್ಚಿತ. ಬುನಾದಿಯ ಅಗಲ ಮಾತ್ರ ಅಂದೇ ತೀರ್ಮಾನವಾಗಬೇಕು. ಚಿಕ್ಕ ಬುನಾದಿ ಹಾಕಿ ಉಳಿಸಿದ ಹಣ ಮುಂದಿನ ಎಲ್ಲ ಆಯ್ಕೆಗಳನ್ನೂ ಶಾಶ್ವತವಾಗಿ ಮುಚ್ಚುತ್ತಿತ್ತು. ಅಗಲ ಬುನಾದಿಯ ಹೆಚ್ಚಿನ ಖರ್ಚು ದೊಡ್ಡ ಕಟ್ಟೆಯನ್ನು ಕಟ್ಟಿಸಲಿಲ್ಲ, ಕಟ್ಟುವ ಅವಕಾಶವನ್ನು ಉಳಿಸಿಕೊಂಡಿತು, ಅಷ್ಟೆ. ಈ ಎರಡನ್ನೂ ಬೇರೆ ಮಾಡಿ ಕಂಡದ್ದೇ ಕನ್ನಂಬಾಡಿಯ ಅತಿ ಸೂಕ್ಷ್ಮ ಕೆಲಸ ಎಂದು ನನ್ನ ನಂಬಿಕೆ. ಸಾಮಗ್ರಿಯ ಆಯ್ಕೆಯಲ್ಲೂ ಇದೇ ತೂಕವಿತ್ತು. ಆಗ ಸಿಮೆಂಟು ಹೊರದೇಶದಿಂದ ಬರಬೇಕು, ಬೆಲೆ ಜಾಸ್ತಿ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದ ಸುರ್ಕಿ ಗಾರೆಯನ್ನೇ ನೆಚ್ಚಿದರು. ಸುರ್ಕಿ ನಿಧಾನವಾಗಿ ಗಟ್ಟಿಯಾಗುತ್ತದೆ, ಆದರೆ ಅದನ್ನು ಊರಲ್ಲೇ ಮಾಡಬಹುದು, ಅದನ್ನು ಬಲ್ಲ ಕೈಗಳೂ ಊರಲ್ಲೇ ಇದ್ದವು. 1914ರಲ್ಲಿ ಮಹಾಯುದ್ಧ ಶುರುವಾಗಿ ಹಡಗುಗಳ ಓಡಾಟ ಕುಗ್ಗಿದಾಗ ಈ ಆಯ್ಕೆಯ ಬೆಲೆ ಇನ್ನಷ್ಟು ಹೆಚ್ಚಿತು.

ಮದರಾಸಿನ ಕಡೆಯವರು ಇದನ್ನೇ ಬೇರೆ ರೀತಿಯಲ್ಲಿ ಓದುತ್ತಾರೆ. ನೀವು ಆಯ್ಕೆ ಉಳಿಸಿಕೊಂಡಿರಿ ಎನ್ನುತ್ತೀರಿ, ನಾವು ಅದನ್ನು ಅನುಮತಿ ಮೀರಿದ್ದು ಎನ್ನುತ್ತೇವೆ. 11 ಟಿ.ಎಂ.ಸಿ.ಗೆ ಒಪ್ಪಿಗೆ ಪಡೆದು 41ಕ್ಕೆ ಬುನಾದಿ ಹಾಕುವುದು ಎದುರಿನವನ ಕೈ ತಿರುಚುವುದಲ್ಲದೆ ಮತ್ತೇನು? ಈ ಆಕ್ಷೇಪ ಪೊಳ್ಳಲ್ಲ. ಕಾವೇರಿಯ ಮುಖಜಭೂಮಿಯ ಬೇಸಾಯ ಸಾವಿರ ವರ್ಷಕ್ಕೂ ಹಳೆಯದು, ಮೆಟ್ಟೂರಿನಲ್ಲಿ ತಮ್ಮದೇ ಕಟ್ಟೆ ಕಟ್ಟುವ ಯೋಚನೆ ಅವರಿಗೂ ಇತ್ತು. ಮೈಸೂರಿಗೆ ಆಯ್ಕೆಯನ್ನು ಉಳಿಸಿದ ಬುನಾದಿಯೇ ಮದರಾಸಿಗೆ ಬೆದರಿಕೆಯಾಗಿ ಕಂಡದ್ದು ಸಹಜ. ನನ್ನ ಉತ್ತರ ಇಷ್ಟು: ಬುನಾದಿ ನೀರನ್ನು ಹಿಡಿಯುವುದಿಲ್ಲ. ಎತ್ತರಕ್ಕೆ ಮತ್ತೆ ಒಪ್ಪಿಗೆ ಬೇಕೇಬೇಕಾಗಿತ್ತು, ಪಂಚಾಯಿತಿಯೂ ಮೇಲ್ಮನವಿಯೂ ಹತ್ತು ವರ್ಷದ ಮಾತುಕತೆಯೂ ನಡೆದವು. ಆ ಹತ್ತು ವರ್ಷ ಮೈಸೂರು ಕೈಕಟ್ಟಿ ಕೂರಬೇಕಾಗಲಿಲ್ಲ, ಮೊದಲ ಹಂತದ ಕೆಲಸ ನಡೆದೇ ಇತ್ತು. ಹಾಗಿದ್ದರೂ ಒಂದನ್ನು ಒಪ್ಪಿಕೊಳ್ಳಬೇಕು. ತನ್ನ ಅನಿಶ್ಚಿತತೆಯನ್ನು ಕಡಿಮೆ ಮಾಡಿಕೊಳ್ಳುವ ಪ್ರತಿ ಹೆಜ್ಜೆಯೂ ನೆರೆಯವನ ಅನಿಶ್ಚಿತತೆಯನ್ನು ಹೆಚ್ಚಿಸಬಹುದು. ಆ ಲೆಕ್ಕವನ್ನು ಮೈಸೂರಿನ ಕಚೇರಿಯಲ್ಲಿ ಬರೆಯುವವರು ಇರಲಿಲ್ಲ.

ಇನ್ನೊಂದು ಆಕ್ಷೇಪ ಇತಿಹಾಸ ಬರೆಯುವ ನಮ್ಮ ಮೇಲೆಯೇ. ಗೆದ್ದ ಕಾಮಗಾರಿಯನ್ನು ಹಿಡಿದು ಅದರ ಹಿಂದೆ ವಿವೇಕವನ್ನು ಹುಡುಕುವುದು ಸುಲಭ, ಅದೃಷ್ಟವೂ ಹಾಗೇ ಕಾಣುತ್ತದೆಯಲ್ಲ? ಇದಕ್ಕೆ ಉತ್ತರಿಸಲು ಅದೇ ಸಂಸ್ಥಾನದ, ಅದೇ ಕಾಲದ ಇನ್ನೊಂದು ಕಟ್ಟೆಯನ್ನು ನೋಡಬೇಕು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ. 1898ರಲ್ಲಿ ಶುರುವಾಗಿ 1907ಕ್ಕೆ ಮುಗಿಯಿತು, ಶೇಷಾದ್ರಿ ಅಯ್ಯರರ ಆಡಳಿತದಲ್ಲೇ ತೀರ್ಮಾನವಾದದ್ದು. ಕಣಿವೆಯ ಬಾಯಿ ಕಿರಿದು, ಹಿಂದೆ ವಿಶಾಲವಾದ ಬಟ್ಟಲಿನಂಥ ಭೂಮಿ, ಸ್ವಲ್ಪ ಉದ್ದದ ಗೋಡೆಗೆ ಸುಮಾರು 30 ಟಿ.ಎಂ.ಸಿ. ನೀರು. ಎಂಜಿನಿಯರಿಗೆ ಇದಕ್ಕಿಂತ ಆಕರ್ಷಕ ಜಾಗ ಸಿಗದು. ಆದರೆ ವೇದಾವತಿ ಹರಿಯುವುದು ಮಳೆ ಕಡಿಮೆಯ ಸೀಮೆಯಲ್ಲಿ. ಜಲಾಶಯ 1933ರಲ್ಲಿ ತುಂಬಿ ಕೋಡಿ ಬಿತ್ತು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ. ಇದನ್ನು ಸೋಲೆಂದು ನಾನು ಕರೆಯಲಾರೆ. ಒಳ್ಳೆಯ ವರ್ಷದ ನೀರನ್ನು ಬರದ ವರ್ಷಕ್ಕೆ ಕಾಪಿಡುವುದು ಅಂಥ ಸೀಮೆಯ ಜಲಾಶಯದ ಕೆಲಸವೇ, ಹಿರಿಯೂರು ಚಿತ್ರದುರ್ಗದ ಕಡೆ ಅದು ಬದುಕಿಗೆ ಆಧಾರವಾಗಿದೆ. ಆದರೆ ಗೋಡೆ ಎಷ್ಟು ನೀರು ಹಿಡಿಯಬಲ್ಲದು ಎಂಬ ಪ್ರಶ್ನೆ ಅಲ್ಲಿ ಹೊಳೆ ಎಷ್ಟು ನೀರು ತಂದೀತು ಎಂಬ ಪ್ರಶ್ನೆಯನ್ನು ಹಿಂದೆ ತಳ್ಳಿತು. ಇಡೀ ಎತ್ತರವನ್ನು ಒಂದೇ ಬಾರಿಗೆ ಕಟ್ಟಿದರು, ಹಂತವಿರಲಿಲ್ಲ. ಶಿವನಸಮುದ್ರದ ಅದೇ ದಿವಾನರು, ಅದೇ ಧೈರ್ಯ, ಅದೇ ಬೊಕ್ಕಸ. ವ್ಯತ್ಯಾಸ ಕೆಲಸವನ್ನು ಬಿಡಿಸಿ ನೋಡಿದ ರೀತಿಯಲ್ಲಿತ್ತು. ಅದೃಷ್ಟವೊಂದರಿಂದಲೇ ಕನ್ನಂಬಾಡಿಯನ್ನು ವಿವರಿಸಲಾಗದು ಎಂಬುದಕ್ಕೆ ನನ್ನ ಬಳಿ ಇರುವ ಬಲವಾದ ಸಾಕ್ಷಿ ಇದೇ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ, ಅದಕ್ಕೆ ನನ್ನಲ್ಲಿ ಪೂರ್ತಿ ಸಮಾಧಾನವಿಲ್ಲ. ಲೆಕ್ಕಕ್ಕೆ ಸಿಕ್ಕಿದ್ದನ್ನು ಮಾತ್ರ ಇವರು ತೂಗಿದರು, ಸಿಗದವರು ಹೊರಗೆ ಉಳಿದರು ಎಂಬುದು ಆ ಆಕ್ಷೇಪ. ಹಳೆಯ ಕನ್ನಂಬಾಡಿ ಊರು ನೀರಿನಡಿ ಹೋಯಿತು, ಅದರ ವೇಣುಗೋಪಾಲಸ್ವಾಮಿ ದೇವಾಲಯ ದಶಕಗಳ ಕಾಲ ಮುಳುಗಿ ಏಳುತ್ತ ಇದ್ದು, ಈ ಶತಮಾನದಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ ದಡದ ಮೇಲೆ ಮತ್ತೆ ಕಟ್ಟಲ್ಪಟ್ಟಿತು. ಸಾವಿರಾರು ಜನ ಮನೆ ಹೊಲ ಬಿಟ್ಟರು. ಸರ್ಕಾರ ಬದಲಿ ನೆಲೆ ಕೊಟ್ಟಿತು ನಿಜ, ಆದರೆ ತೀರ್ಮಾನದ ಮೇಜಿನ ಬಳಿ ಅವರ ಕುರ್ಚಿ ಇರಲಿಲ್ಲ. ಕಟ್ಟೆಯ ಮೇಲೆ ದುಡಿದ ಸಾವಿರಾರು ಕೂಲಿಯವರನ್ನು ಮಲೇರಿಯ ಕಾಡಿತು. ಗಣಿಯ ಗಿರಣಿಗೆ ಶಕ್ತಿ ಹರಿಯಿತು, ಗಣಿಯ ಆಳದಲ್ಲಿ ಧೂಳು ಕುಡಿದವರ ಶ್ವಾಸಕೋಶ ಯಾವ ಕರಾರಿನ ಸಾಲೂ ಆಗಲಿಲ್ಲ. ಇದೇ ಮಿತಿ ಕಟ್ಟಡದಾಚೆಗೂ ಕಾಣುತ್ತದೆ. 1918ರಲ್ಲಿ ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರ ಪಾಲಿನ ಪ್ರಶ್ನೆ ಎದ್ದು, ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾದಾಗ, ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ದಕ್ಷತೆಯ ಹೆಸರಿನಲ್ಲಿ ಅದನ್ನು ವಿರೋಧಿಸಿ ಹುದ್ದೆಯಿಂದ ಹೊರನಡೆದರು. ಓದಿಗೂ ಕೆಲಸಕ್ಕೂ ಬಾಗಿಲೇ ಕಾಣದವರ ನಷ್ಟ ಅವರ ಲೆಕ್ಕದ ಪುಸ್ತಕದಲ್ಲಿ ನಷ್ಟವಾಗಿ ನಮೂದಾಗಲಿಲ್ಲ. ಬಿಡಿಸಿ ನೋಡುವ ಪದ್ಧತಿಯೇ ಇದಕ್ಕೆ ಕಾರಣವೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪದ್ಧತಿ ಸೋತದ್ದಲ್ಲ, ಅದನ್ನು ನಡುದಾರಿಯಲ್ಲಿ ನಿಲ್ಲಿಸಿದರು. ಕೊಳ್ಳುವವನು ಯಾರು ಎಂದು ಅಷ್ಟು ಜತನದಿಂದ ಕೇಳಿದವರು ತೆರುವವನು ಯಾರು ಎಂದೂ ಅದೇ ಜತನದಿಂದ ಕೇಳಬಹುದಾಗಿತ್ತು. ಊರು ಮುಳುಗುವುದು ಬುನಾದಿಯಷ್ಟೇ ತಿದ್ದಲಾಗದ ಕೆಲಸ.

ಹಂತಗಳ ವಿವೇಕಕ್ಕೆ ಒಂದು ಗಡಿಯಿದೆ ಎಂಬುದೂ ಕನ್ನಂಬಾಡಿಯಿಂದಲೇ ತಿಳಿಯಿತು. 1924ರ ಒಪ್ಪಂದ ಮೈಸೂರಿಗೆ 124 ಅಡಿ ಎತ್ತರದ ಕಟ್ಟೆಯನ್ನೂ ಹೊಸದಾಗಿ 1,25,000 ಎಕರೆಯ ನೀರಾವರಿಯನ್ನೂ, ಮದರಾಸಿಗೆ ಮೆಟ್ಟೂರಿನ 93.5 ಟಿ.ಎಂ.ಸಿ. ಜಲಾಶಯವನ್ನೂ ಕೊಟ್ಟಿತು. ಐವತ್ತು ವರ್ಷವಾದ ಮೇಲೆ ಕೆಲವು ಅಂಶಗಳನ್ನು ಅನುಭವದ ಬೆಳಕಿನಲ್ಲಿ ಮತ್ತೆ ನೋಡಬಹುದೆಂಬ ಮಾತೂ ಅದರಲ್ಲಿತ್ತು. ಇಂದೇ ತೀರ್ಮಾನಿಸಲಾಗದ್ದನ್ನು 1974ಕ್ಕೆ ಬಿಟ್ಟರು. ಕಾಗದದ ಮೇಲೆ ಇದು ಬುನಾದಿಯ ತರ್ಕವೇ. ಆದರೆ ನಡುವಿನ ಐವತ್ತು ವರ್ಷ ನೆಲ ಸುಮ್ಮನಿರಲಿಲ್ಲ. ಹುಲಿಕೆರೆಯ ಸುರಂಗ ಹಾದು ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಒಣಭೂಮಿಗೆ ನೀರು ತಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ಬೊಂಬಾಯಿ ಪ್ರಾಂತದ ನೀರಾ ನಾಲೆಯಲ್ಲಿ ತಾವೇ ರೂಪಿಸಿದ್ದ ಬ್ಲಾಕ್ ಪದ್ಧತಿಯನ್ನು ವಿಶ್ವೇಶ್ವರಯ್ಯನವರು ಇಲ್ಲಿಗೂ ಸೂಚಿಸಿದ್ದರು. ಅಚ್ಚುಕಟ್ಟನ್ನು ತುಂಡುಗಳಾಗಿ ವಿಂಗಡಿಸಿ, ಹೆಚ್ಚು ನೀರಿನ ಬೆಳೆಯನ್ನೂ ಕಡಿಮೆ ನೀರಿನ ಬೆಳೆಯನ್ನೂ ಸರದಿಯ ಮೇಲೆ ಬೆಳೆದು, ಇರುವ ನೀರನ್ನು ಹೆಚ್ಚು ಊರುಗಳಿಗೆ ಹಂಚುವ ಕ್ರಮ ಅದು. ನಾಲೆಯ ಬಾಯಲ್ಲಿರುವ ರೈತನಿಗೆ ಭತ್ತ ಕಬ್ಬಿನ ಲಾಭ ಕಣ್ಣೆದುರಿಗಿರುವಾಗ ಸರದಿಗೆ ಕಟ್ಟುಬೀಳುವುದು ಸುಲಭವಲ್ಲ, ಕ್ರಮ ಸಡಿಲವಾಗುತ್ತ ಹೋಯಿತು. ಕೆಳಗಡೆ ಮೆಟ್ಟೂರಿನಿಂದ ಹೊಸ ಅಚ್ಚುಕಟ್ಟು ಬೆಳೆಯಿತು. 1974 ಬಂದಾಗ ಎರಡೂ ಕಡೆ ಮರುಪರಿಶೀಲನೆಗೆ ಉಳಿದಿದ್ದುದು ಅಂಕಿಗಳಲ್ಲ, ಆ ನೀರನ್ನೇ ನಂಬಿ ಎರಡು ತಲೆಮಾರು ಕಟ್ಟಿಕೊಂಡ ಬದುಕು. ಗೋಡೆಯ ಎತ್ತರವನ್ನು ಮುಂದಕ್ಕೆ ಹಾಕಬಹುದು, ನೀರು ಕಂಡ ಗದ್ದೆಯನ್ನು ಹಿಂದಕ್ಕೆ ತರಲಾಗದು. 1990ರಲ್ಲಿ ನ್ಯಾಯಮಂಡಳಿ, 1991ರ ಮಧ್ಯಂತರ ಆದೇಶ ಮತ್ತು ಅದರ ಹಿಂದೆಯೇ ಬಂದ ಗಲಭೆ, 2007ರ ಅಂತಿಮ ತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು, ಇವೆಲ್ಲವೂ 1924ರಲ್ಲಿ ಆಮೇಲೆ ನೋಡೋಣವೆಂದು ಬಿಟ್ಟ ಸಾಲಿನಿಂದ ಬೆಳೆದವು. 2018ರ ತೀರ್ಪಿನ ಪ್ರಕಾರ ಸಾಮಾನ್ಯ ವರ್ಷದಲ್ಲಿ ಕರ್ನಾಟಕ ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದ್ದು 177.25 ಟಿ.ಎಂ.ಸಿ. ಕೊರತೆಯ ವರ್ಷದಲ್ಲಿ ಎಷ್ಟು ಎಂಬ ಪ್ರಶ್ನೆಗೆ ಪ್ರತಿ ಬರಗಾಲದಲ್ಲೂ ಎರಡೂ ರಾಜ್ಯಗಳ ಎಂಜಿನಿಯರುಗಳು ಹೊಸದಾಗಿ ಕೂತು ಉತ್ತರ ಹುಡುಕುತ್ತಿದ್ದಾರೆ.